ಕುದುರೆಯ ರಕ್ತದಲ್ಲಿ ಶತ್ರುವನ್ನು ಕಂಡವರು

ಕುದುರೆಯನ್ನು ನಾವಿಂದು ಕಾಣುವುದು ರೇಸಿನ ಮೈದಾನದಲ್ಲಿ, ಇಲ್ಲವೆ ಮದುವೆಯ ಮೆರವಣಿಗೆಯಲ್ಲಿ. ಒಂದು ಕಾಲಕ್ಕೆ ದಂಡಿನ ತೋಪುಗಳೂ ಸಾಮಾನುಗಳೂ ಅದರ ಬಲದಿಂದಲೇ ಸಾಗುತ್ತಿದ್ದವು. ಆ ಮೂಕಪ್ರಾಣಿಯ ಒಳಶತ್ರುವೊಂದನ್ನು ಕಂಡುಹಿಡಿದ ಗ್ರಿಫಿತ್ ಎವಾನ್ಸರನ್ನು ನಾವು ನೆನೆಯುವುದು ಯುಕ್ತವಾಗಿದೆ.

ಎವಾನ್ಸರು 1835ರಲ್ಲಿ ವೇಲ್ಸ್ ಪ್ರಾಂತದಲ್ಲಿ ಜನಿಸಿದರು. ಲಂಡನ್ನಿನಲ್ಲಿ ಪಶುವೈದ್ಯವನ್ನು ಕಲಿತು 1860ರಲ್ಲಿ ಸೈನ್ಯದ ತೋಪಖಾನೆಯನ್ನು ಸೇರಿದರು. ಕೆನಡಾದಲ್ಲಿ ನೌಕರಿ ಮಾಡುತ್ತಲೇ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಿ, 1864ರಲ್ಲಿ ಮನುಷ್ಯರ ವೈದ್ಯಪದವಿಯನ್ನೂ ಪಡೆದರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮವರಿಗೆ ಆ ಶ್ರಮದ ಬೆಲೆಯನ್ನು ಹೇಳಬೇಕಾಗಿಲ್ಲ.

1877ರಲ್ಲಿ ಅವರು ಹಿಂದುಸ್ಥಾನಕ್ಕೆ ಬಂದರು. 1880ರಲ್ಲಿ ಸಿಂಧೂನದಿಯ ಬಳಿಯ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕುದುರೆ ಒಂಟೆಗಳಿಗೆ 'ಸರ್ರಾ' ರೋಗ ತಗುಲಿತ್ತು. ಜ್ವರ ಬಿಟ್ಟು ಬಿಟ್ಟು ಬರುವುದು, ಮೈಯ ರಕ್ತ ಬತ್ತುವುದು, ಕಾಲು ಬಾಯುವುದು, ಕುದುರೆ ಎಲುಬಿನ ಗೂಡಾಗಿ ಸಾಯುವುದು. ತನಿಖೆಗೆ ನೇಮಕವಾದ ಎವಾನ್ಸರು ರೋಗಿಷ್ಠ ಕುದುರೆಯ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಹಾವಿನಂತೆ ಹೊರಳಾಡುವ ಜೀವಾಣುಗಳು ಕಂಡವು. ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗೆ ಚುಚ್ಚಲು ಅದಕ್ಕೂ ರೋಗ ಬಂದಿತು. ಈ ಪರೋಪಜೀವಿಯೇ ರೋಗಕ್ಕೆ ಕಾರಣವೆಂದು ಅವರು ವರದಿಯಿತ್ತರು.

ಆದರೆ ಆ ಕಾಲದ ದೊಡ್ಡ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಇಲಿಯ ರಕ್ತದಲ್ಲಿಯೂ ಇಂಥವು ಇರುತ್ತವೆ, ಇಲಿ ಸಾಯುವುದಿಲ್ಲವಷ್ಟೆ ಎಂಬುದು ಅವರ ವಾದವಾಗಿತ್ತು. ಎವಾನ್ಸರು ತಾವು ಕಂಡುದನ್ನು ಬಿಟ್ಟುಕೊಡಲಿಲ್ಲ.

1885ರಲ್ಲಿ ಬರ್ಮಾದ ಹೇಸರಗತ್ತೆಗಳ ರಕ್ತದಲ್ಲಿ ಅದೇ ಜೀವಾಣುವನ್ನು ಕಂಡ ಸ್ಟೀಲ್ ಎಂಬ ಪಶುವೈದ್ಯರು ಅದಕ್ಕೆ ಎವಾನ್ಸರ ಹೆಸರನ್ನೇ ಇಟ್ಟರು. ಮರುವರ್ಷ ಮುಂಬಯಿಯ ಪರೇಲಿನಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿಗೆ ಮೊದಲ ಪ್ರಾಂಶುಪಾಲರಾದವರು ಇದೇ ಸ್ಟೀಲರು. ಕಚ್ಚುವ ನೊಣಗಳು ಈ ರೋಗವನ್ನು ಹರಡುತ್ತವೆಂದು 1901ರಲ್ಲಿ ರಾಜರ್ಸ್ ತೋರಿಸಿದರು.

1917ರಲ್ಲಿ, ಮೇರಿ ಕಿಂಗ್ಸ್‌ಲಿ ಪದಕ ಎವಾನ್ಸರ ಕೈಸೇರಿದಾಗ ಅವರಿಗೆ ಎಂಬತ್ತು ದಾಟಿತ್ತು. 1935ರ ಡಿಸೆಂಬರಿನಲ್ಲಿ, ನೂರು ತುಂಬಿದ ಮೇಲೆ, ಅವರು ಕಾಲವಶರಾದರು.

ಸರ್ರಾ ರೋಗಕ್ಕೆ ಇಂದಿಗೂ ಲಸಿಕೆಯಿಲ್ಲ. ರಕ್ತಪರೀಕ್ಷೆ, ಔಷಧಿ, ರೋಗಿಷ್ಠ ಪ್ರಾಣಿಯನ್ನು ಬೇರೆ ಕಟ್ಟುವುದು, ನೊಣದಿಂದ ಕಾಪಾಡುವುದು, ಇವೇ ಉಪಾಯಗಳು. ಇವೆಲ್ಲಕ್ಕೂ ತಳಹದಿ ಆ ಒಂದು ಹನಿ ರಕ್ತದಲ್ಲಿ ಎವಾನ್ಸರು ಕಂಡ ಸತ್ಯವೇ. ಮೇಲಿನವರು ಒಪ್ಪಲಿಲ್ಲವೆಂದು ಕಣ್ಣಾರೆ ಕಂಡುದು ಸುಳ್ಳಾಗದೆಂಬುದನ್ನು ಅವರ ಬಾಳು ನಮಗೆ ತೋರಿಸಿಕೊಟ್ಟಿದೆ.