ಮೈಹರಿನ ನಾದಗುರು

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ಧನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರೂ ಉಂಟು. ಉತ್ತರ ಭಾರತದಲ್ಲಿ ಸಂಗೀತವಿದ್ಯೆಯು ಬಹುಕಾಲ ಕೆಲವು ಮನೆತನಗಳ ಸೊತ್ತಾಗಿ ಉಳಿದಿತ್ತು. ತಂದೆ ಮಗನಿಗೆ ಕಲಿಸುತ್ತಿದ್ದನು. ಹೊರಗಿನವರಿಗೆ ಆ ವಿದ್ಯೆಯ ಒಳಗುಟ್ಟು ದೊರೆಯುವುದು ಅಪರೂಪವಾಗಿತ್ತು. ಇಂತಹ ಕಾಲದಲ್ಲಿ ವಿದ್ಯೆಗಾಗಿ ಮನೆಮನೆಯ ಬಾಗಿಲನ್ನು ತಟ್ಟಿ, ದಶಕಗಳ ಕಾಲ ಬಳಲಿ, ಕೊನೆಗೆ ತಾನು ಪಡೆದುದನ್ನು ಹೆತ್ತವರಿಲ್ಲದ ಬಡ ಮಕ್ಕಳಿಗೆ ಧಾರೆಯೆರೆದ ಮಹಾನುಭಾವರೊಬ್ಬರಿದ್ದರು. ಅವರೇ ಉಸ್ತಾದ್ ಅಲ್ಲಾವುದ್ದೀನ್ ಖಾನರು. ಶಿಷ್ಯರೆಲ್ಲರೂ ಅವರನ್ನು ಪ್ರೀತಿಯಿಂದ ಬಾಬಾ ಎಂದು ಕರೆಯುತ್ತಿದ್ದರು.

ಅಲ್ಲಾವುದ್ದೀನರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಪೂರ್ವ ಬಂಗಾಳದ ಶಿಬ್‌ಪುರವೆಂಬ ಹಳ್ಳಿಯಲ್ಲಿ. ಆ ಹಳ್ಳಿ ಇಂದು ಬಾಂಗ್ಲಾದೇಶದ ಬ್ರಾಹ್ಮಣಬಾಡಿಯಾ ಜಿಲ್ಲೆಗೆ ಸೇರಿದೆ. ತಂದೆ ಸಿತಾರ್ ನುಡಿಸುತ್ತಿದ್ದರು. ಅಣ್ಣ ಅಫ್ತಾಬುದ್ದೀನರು ಕೊಳಲು ಮೊದಲಾದ ವಾದ್ಯಗಳನ್ನು ಬಲ್ಲವರಾಗಿದ್ದರು. ಆದುದರಿಂದ ತೊಟ್ಟಿಲಿನಲ್ಲಿದ್ದಾಗಲೇ ಬಾಲಕನ ಕಿವಿಗೆ ಸ್ವರಗಳು ಬಿದ್ದವು. ಶಾಲೆಯ ಪಾಠದಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಶಾಲೆಗೆಂದು ಹೊರಟವನು ಭಜನೆ, ಗಾನಗಳು ಕೇಳಿಬರುವ ಕಡೆ ಹೋಗಿ ಕುಳಿತುಬಿಡುತ್ತಿದ್ದನು. ತಾಯಿತಂದೆಯರು ಗದರಿಸಿದರು, ದಂಡಿಸಿದರು. ಅದರಿಂದ ಪ್ರಯೋಜನವಾಗಲಿಲ್ಲ. ಒಂದು ರಾತ್ರಿ ಬಾಲಕನು ಯಾರಿಗೂ ಹೇಳದೆ ಮನೆಯನ್ನು ಬಿಟ್ಟು ಹೊರಟುಹೋದನು.

ಕಲ್ಕತ್ತೆಯಂತಹ ಮಹಾನಗರದಲ್ಲಿ ಆ ಹಳ್ಳಿಯ ಹುಡುಗನನ್ನು ಕೇಳುವವರು ಯಾರೂ ಇರಲಿಲ್ಲ. ಹಸಿವಾದಾಗ ಅನ್ನಛತ್ರದಲ್ಲಿ ಊಟ, ಬಾಯಾರಿದಾಗ ಗಂಗೆಯ ನೀರು, ರಾತ್ರಿ ಯಾರದೋ ಜಗುಲಿಯ ಮೇಲೆ ನಿದ್ರೆ. ಹೀಗೆ ದಿನಗಳನ್ನು ಕಳೆಯುತ್ತ ಅವನು ಗುರುವನ್ನು ಅರಸತೊಡಗಿದನು. ಕಡೆಗೆ ನುಲೋ ಗೋಪಾಲರೆಂಬ ಹೆಸರಾಂತ ಗಾಯಕರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಹನ್ನೆರಡು ವರ್ಷಗಳ ಕಾಲ ಸ್ವರಸಾಧನೆಯನ್ನು ಮಾಡಬೇಕೆಂಬುದು ಗುರುವಿನ ಕಟ್ಟಳೆ. ಹುಡುಗನು ಅದಕ್ಕೆ ಒಪ್ಪಿದನು. ಹಗಲಿರುಳೆನ್ನದೆ ಸರಿಗಮವನ್ನು ಹಾಡಿದನು. ಏಳು ವರ್ಷಗಳು ಉರುಳಿದವು. ಅಷ್ಟರಲ್ಲಿ ನಗರಕ್ಕೆ ಪ್ಲೇಗು ಬಂದಿತು. ಗುರುಗಳು ಆ ರೋಗಕ್ಕೆ ತುತ್ತಾದರು. ತಂದೆಯಂತಿದ್ದ ಗುರುವನ್ನು ಕಳೆದುಕೊಂಡ ಶಿಷ್ಯನಿಗೆ ಬೇರೊಬ್ಬರ ಬಳಿ ಹಾಡುಗಾರಿಕೆಯನ್ನು ಕಲಿಯಲು ಮನಸ್ಸು ಬರಲಿಲ್ಲ. ಅಂದಿನಿಂದ ಅವರು ವಾದ್ಯಸಂಗೀತದ ಕಡೆಗೆ ತಿರುಗಿದರು.

ಆಗ ಕಲ್ಕತ್ತೆಯಲ್ಲಿ ಅಮೃತಲಾಲ್ ದತ್ತರೆಂಬ ಸಂಗೀತಗಾರರಿದ್ದರು. ಅವರು ಸ್ವಾಮಿ ವಿವೇಕಾನಂದರ ಬಂಧುಗಳು. ಜನರು ಅವರನ್ನು ಹಾಬು ದತ್ತರೆಂದು ಕರೆಯುತ್ತಿದ್ದರು. ಅವರು ವಾದ್ಯವೃಂದವೊಂದನ್ನು ಕಟ್ಟಿದ್ದರು. ಅಲ್ಲಾವುದ್ದೀನರು ಅವರಲ್ಲಿ ಹಲವು ವಾದ್ಯಗಳನ್ನು ಕಲಿತರು. ಲೋಬೋ ಎಂಬ ಗೋವೆಯ ಬ್ಯಾಂಡ್ ಮಾಸ್ತರರಿಂದ ಪಾಶ್ಚಾತ್ಯ ಕ್ರಮದಲ್ಲಿ ಪಿಟೀಲನ್ನು ಅಭ್ಯಾಸ ಮಾಡಿದರು. ಹಜಾರಿ ಉಸ್ತಾದರಲ್ಲಿ ಶಹನಾಯಿಯನ್ನು ಕಲಿತರು. ಮೃದಂಗ, ತಬಲಾಗಳನ್ನೂ ಬಿಡಲಿಲ್ಲ. ಹೊಟ್ಟೆಪಾಡಿಗಾಗಿ ನಾಟಕ ಮಂದಿರದಲ್ಲಿ ವಾದ್ಯ ನುಡಿಸಿದರು. ಹತ್ತಾರು ವಾದ್ಯಗಳು ಒಂದೇ ತಾಳಕ್ಕೆ, ಒಂದೇ ಶ್ರುತಿಗೆ ಕೂಡಿ ನುಡಿಯುವ ಬಗೆಯನ್ನು ಅವರು ಕಂಡುಕೊಂಡದ್ದು ಈ ದಿನಗಳಲ್ಲಿಯೇ. ಮುಂದೆ ಈ ಅನುಭವವು ಅವರಿಗೆ ಬಹಳ ಉಪಯೋಗಕ್ಕೆ ಬಂದಿತು.

ಇಷ್ಟೆಲ್ಲ ಕಲಿತ ಮೇಲೆ ತಮಗೆ ತಿಳಿಯದ ಸಂಗೀತವಿಲ್ಲವೆಂಬ ಹೆಮ್ಮೆ ಯುವಕನ ಮನಸ್ಸಿನಲ್ಲಿ ಸುಳಿಯಿತು. ಅದು ಹೆಚ್ಚು ದಿನ ಉಳಿಯಲಿಲ್ಲ. ಮುಕ್ತಾಗಾಛಾ ಎಂಬ ಊರಿನ ಜಮೀನ್ದಾರರ ಸಭೆಯಲ್ಲಿ ಅವರು ಅಹಮದ್ ಅಲಿ ಖಾನರ ಸರೋದ್ ವಾದನವನ್ನು ಕೇಳಿದರು. ಸರೋದ್ ಚರ್ಮವನ್ನು ಹೊದಿಸಿದ ಒಡಲಿನ, ಮೆಟ್ಟಿಲುಗಳಿಲ್ಲದ ತಂತಿವಾದ್ಯ. ಅದರ ಗಂಭೀರವಾದ ನಾದವನ್ನು ಕೇಳಿದೊಡನೆ ಅಲ್ಲಾವುದ್ದೀನರ ಗರ್ವ ಕರಗಿತು. ಅವರು ಆ ವಿದ್ವಾಂಸರ ಕಾಲಿಗೆರಗಿ ಶಿಷ್ಯರಾದರು. ಅವರ ಅಡುಗೆ, ಆರೈಕೆಗಳನ್ನು ಮಾಡುತ್ತ ಸರೋದನ್ನು ಕಲಿತರು.

ಮುಂದೆ ಅವರು ರಾಮಪುರಕ್ಕೆ ಬಂದರು. ಅಲ್ಲಿ ನವಾಬರ ಆಸ್ಥಾನದಲ್ಲಿ ವಜೀರ್ ಖಾನರೆಂಬ ಮಹಾವಿದ್ವಾಂಸರಿದ್ದರು. ಅವರು ತಾನಸೇನನ ವಂಶಕ್ಕೆ ಸೇರಿದವರು. ಅವರ ಮನೆಯ ಬಾಗಿಲಲ್ಲಿ ಅಲ್ಲಾವುದ್ದೀನರು ಅನೇಕ ದಿನಗಳ ಕಾಲ ಕಾದು ನಿಂತರು. ಕಾವಲುಗಾರರು ಒಳಗೆ ಬಿಡಲಿಲ್ಲ. ಕೊನೆಗೆ ಒಂದು ದಿನ ಅವರು ಪ್ರಾಣದ ಹಂಗನ್ನು ತೊರೆದು ನವಾಬರ ವಾಹನಕ್ಕೆ ಅಡ್ಡಬಿದ್ದು, ತಮ್ಮ ಬಯಕೆಯನ್ನು ತೋಡಿಕೊಂಡರು. ನವಾಬರ ಮನಸ್ಸು ಕರಗಿತು. ಅವರ ಮಾತಿನಂತೆ ವಜೀರ್ ಖಾನರು ಶಿಷ್ಯತ್ವವನ್ನು ನೀಡಿದರು. ಆದರೂ ಎರಡು ವರ್ಷಗಳಿಗೂ ಹೆಚ್ಚು ಕಾಲ ಪಾಠವೇ ಆರಂಭವಾಗಲಿಲ್ಲ. ಶಿಷ್ಯನು ಕಾಯುತ್ತಲೇ ಇದ್ದನು. ಊರಿನಲ್ಲಿ ಪತ್ನಿಯು ಪಡುತ್ತಿದ್ದ ದುಃಖದ ಸುದ್ದಿ ರಾಮಪುರವನ್ನು ಮುಟ್ಟಿದಾಗ, ಈ ಮನುಷ್ಯನು ವಿದ್ಯೆಗಾಗಿ ಏನೆಲ್ಲವನ್ನು ಬಿಟ್ಟು ಬಂದಿದ್ದಾನೆಂಬುದು ಗುರುವಿಗೆ ಅರಿವಾಯಿತು. ಅಂದಿನಿಂದ ಅವರು ಮನಸ್ಸು ಬಿಚ್ಚಿ ಕಲಿಸಿದರು. ಆದರೆ ತಮ್ಮ ವಂಶದ ಬೀನ್ ವಾದ್ಯವನ್ನು ಮಾತ್ರ ಕಲಿಸಲಿಲ್ಲ. ಅದು ಮನೆತನದವರಿಗೆ ಮೀಸಲಾಗಿತ್ತು. ಆ ಸಂಗೀತದ ಸಾರವನ್ನು ಅಲ್ಲಾವುದ್ದೀನರು ತಮ್ಮ ಸರೋದಿನಲ್ಲಿ ನುಡಿಸಿ ತೃಪ್ತರಾಗಬೇಕಾಯಿತು. ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುವವನ ನೋವು ಎಂತಹುದೆಂಬುದನ್ನು ಅವರಷ್ಟು ಬಲ್ಲವರು ವಿರಳ.

1918ರಲ್ಲಿ ಅಲ್ಲಾವುದ್ದೀನರು ಮೈಹರಿಗೆ ಬಂದು ನೆಲೆಸಿದರು. ಮೈಹರ್ ಈಗಿನ ಮಧ್ಯಪ್ರದೇಶದಲ್ಲಿರುವ ಒಂದು ಊರು. ಆಗ ಅದು ಚಿಕ್ಕ ಸಂಸ್ಥಾನವೊಂದರ ರಾಜಧಾನಿಯಾಗಿತ್ತು. ಊರಿನ ಬೆಟ್ಟದ ಮೇಲೆ ಶಾರದಾದೇವಿಯ ಪ್ರಸಿದ್ಧ ದೇವಾಲಯವಿದೆ. ಅಲ್ಲಿನ ಮಹಾರಾಜರಾದ ಬ್ರಿಜನಾಥ ಸಿಂಹರು ಅಲ್ಲಾವುದ್ದೀನರನ್ನು ಆಸ್ಥಾನ ವಿದ್ವಾಂಸರನ್ನಾಗಿ ನೇಮಿಸಿಕೊಂಡು, ತಾವೂ ಅವರ ಶಿಷ್ಯರಾದರು. ಬಾಲ್ಯದಿಂದ ಅಲೆದಾಡಿದ ಜೀವಕ್ಕೆ ಕಡೆಗೂ ಒಂದು ನೆಲೆ ದೊರೆಯಿತು. ಉಳಿದ ಆಯುಷ್ಯವನ್ನು ಅವರು ರಾಜಮರ್ಯಾದೆಯಲ್ಲಿ ನೆಮ್ಮದಿಯಿಂದ ಕಳೆಯಬಹುದಾಗಿತ್ತು.

ಆದರೆ ಆ ವರ್ಷವೇ ದೇಶಕ್ಕೆ ದೊಡ್ಡ ವಿಪತ್ತೊಂದು ಬಂದೊದಗಿತು. ಮೊದಲನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಹಡಗುಗಳ ಮೂಲಕ ಮುಂಬಯಿಗೆ ಬಂದ ಇನ್‌ಫ್ಲುಯೆಂಜಾ ಜ್ವರವು ರೈಲಿನ ಹಾದಿಯಲ್ಲಿ ಊರಿಂದೂರಿಗೆ ಹರಡಿತು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರು ಅದಕ್ಕೆ ಬಲಿಯಾದರು. ಮೈಹರಿನಲ್ಲಿಯೂ ಎಷ್ಟೋ ಮನೆಗಳಲ್ಲಿ ದೀಪ ಹಚ್ಚುವವರಿಲ್ಲದಾಯಿತು. ತಾಯಿತಂದೆಯರನ್ನು ಕಳೆದುಕೊಂಡ ಮಕ್ಕಳು ಅನ್ನವಿಲ್ಲದೆ ಬೀದಿಗಳಲ್ಲಿ ಅಲೆಯತೊಡಗಿದರು. ಆ ಮಕ್ಕಳನ್ನು ನೋಡಿ ಅಲ್ಲಾವುದ್ದೀನರಿಗೆ ಕಲ್ಕತ್ತೆಯ ಜಗುಲಿಗಳ ಮೇಲೆ ಮಲಗಿದ ತಮ್ಮ ಬಾಲ್ಯವು ನೆನಪಾಗಿರಬೇಕು. ಅವರು ಮಹಾರಾಜರ ನೆರವಿನಿಂದ ಆ ಮಕ್ಕಳನ್ನು ಒಂದುಗೂಡಿಸಿ ಸಂಗೀತವನ್ನು ಕಲಿಸಲಾರಂಭಿಸಿದರು. ಹೀಗೆ ಹುಟ್ಟಿಕೊಂಡಿತು ಮೈಹರ್ ಬ್ಯಾಂಡ್ ಎಂದು ಪ್ರಸಿದ್ಧವಾದ ವಾದ್ಯವೃಂದ.

ಬ್ಯಾಂಡ್ ಎಂದೊಡನೆ ಸಿಪಾಯಿಗಳ ಹೆಜ್ಜೆಗೆ ನುಡಿಯುವ ತುತ್ತೂರಿ, ನಗಾರಿಗಳು ನಮ್ಮ ಕಣ್ಣಮುಂದೆ ಬರುತ್ತವೆ. ಮೈಹರಿನ ಬ್ಯಾಂಡ್ ಅಂತಹುದಲ್ಲ. ಅದರಲ್ಲಿ ಸಿತಾರ್, ಸರೋದ್, ಇಸ್‌ರಾಜ್, ತಬಲಾಗಳ ಜೊತೆಗೆ ಪಿಟೀಲು, ಚೆಲ್ಲೋ, ಕ್ಲಾರಿನೆಟ್, ಹಾರ್ಮೋನಿಯಂಗಳೂ ಸೇರಿದ್ದವು. ಭಾರತೀಯ ಸಂಗೀತದಲ್ಲಿ ಸಾಮಾನ್ಯವಾಗಿ ಒಬ್ಬ ಕಲಾವಿದನೇ ಮುಖ್ಯನು. ಅವನು ರಾಗವನ್ನು ತನ್ನ ಮನೋಧರ್ಮಕ್ಕೆ ತಕ್ಕಂತೆ ವಿಸ್ತರಿಸುತ್ತಾನೆ. ಹಲವರು ಕೂಡಿ ನುಡಿಸುವಾಗ ಈ ಸ್ವಾತಂತ್ರ್ಯಕ್ಕೆ ಎಡೆಯಿಲ್ಲ. ಒಬ್ಬನು ತಾಳ ತಪ್ಪಿದರೆ ಎಲ್ಲರ ಶ್ರಮವೂ ವ್ಯರ್ಥವಾಗುತ್ತದೆ. ಆದುದರಿಂದ ಬಾಬಾ ಈ ವೃಂದಕ್ಕಾಗಿಯೇ ಬೇರೆ ಬೇರೆ ರಾಗಗಳಲ್ಲಿ ಹೊಸ ರಚನೆಗಳನ್ನು ಕಟ್ಟಿದರು. ಕಲ್ಕತ್ತೆಯಲ್ಲಿ ಹಾಬು ದತ್ತರಿಂದಲೂ ಲೋಬೋ ಮಾಸ್ತರರಿಂದಲೂ ಕಲಿತ ಪಾಠಗಳು ಈಗ ಫಲ ಕೊಟ್ಟವು. ಅವರು ಅನೇಕ ವಾದ್ಯಗಳನ್ನು ಬಲ್ಲವರಾಗಿದ್ದುದರಿಂದ ಒಬ್ಬೊಬ್ಬ ಹುಡುಗನ ಕೈಗೂ ಒಂದೊಂದು ವಾದ್ಯವನ್ನು ಕೊಟ್ಟು ತಾವೇ ತಿದ್ದಬಲ್ಲವರಾಗಿದ್ದರು.

ಕೊರತೆ ಬಿದ್ದ ಕಡೆ ಅವರು ಹೊಸ ವಾದ್ಯಗಳನ್ನೇ ಸೃಷ್ಟಿಸಿದರು. ಅವುಗಳಲ್ಲಿ ನಲತರಂಗವು ಬಹು ಸ್ವಾರಸ್ಯವಾದುದು. ಬಂದೂಕಿನ ಉಕ್ಕಿನ ನಳಿಗೆಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಸಾಲಾಗಿ ಜೋಡಿಸಿ, ಕೋಲುಗಳಿಂದ ಬಾರಿಸುವಂತೆ ಅವರು ಅದನ್ನು ರಚಿಸಿದರು. ಉದ್ದನೆಯ ನಳಿಗೆಯಿಂದ ತಗ್ಗಿನ ಸ್ವರವೂ ಗಿಡ್ಡನೆಯ ನಳಿಗೆಯಿಂದ ಏರು ಸ್ವರವೂ ಹೊರಡುತ್ತವೆ. ಪ್ರಾಣ ತೆಗೆಯಲು ಮಾಡಿದ ಲೋಹವು ಅನಾಥ ಮಕ್ಕಳ ಕೈಯಲ್ಲಿ ಸಂಗೀತದ ಸಾಧನವಾಯಿತು. ಮಹಾಯುದ್ಧವು ಮುಗಿದ ಕಾಲದ ಜಗತ್ತಿನಲ್ಲಿ ಇದಕ್ಕಿಂತ ಸುಂದರವಾದ ದೃಶ್ಯ ಇನ್ನಾವುದಿದ್ದೀತು!

ಬಾಬಾ ಬಹಳ ಕಟ್ಟುನಿಟ್ಟಿನ ಗುರುಗಳು. ಶ್ರುತಿ ತಪ್ಪಿದರೆ ಅವರ ಕೋಪ ಉರಿದೇಳುತ್ತಿತ್ತು. ಬೈಗುಳವೂ ಹೊಡೆತವೂ ಅವರ ಪಾಠದಲ್ಲಿ ಅಪರೂಪವಾಗಿರಲಿಲ್ಲ. ಮಹಾರಾಜರೂ ಅವರ ಕೋಪದ ರುಚಿಯನ್ನು ಕಂಡಿದ್ದರೆಂಬ ಕಥೆಗಳಿವೆ. ಅವರ ಈ ಕ್ರಮವನ್ನು ಇಂದಿನ ಶಿಕ್ಷಣ ಪದ್ಧತಿಯು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಪಾಠ ಮುಗಿದ ಮೇಲೆ ಅದೇ ಗುರುಗಳು ವಿನಯದ ಮೂರ್ತಿಯಾಗಿದ್ದರು. ಮುಖ್ಯವಾಗಿ ಅವರು ಶಿಷ್ಯರ ಜಾತಿಯನ್ನಾಗಲಿ ಮತವನ್ನಾಗಲಿ ಮನೆತನವನ್ನಾಗಲಿ ಕೇಳಲಿಲ್ಲ. ವಿದ್ಯೆಗಾಗಿ ಬಂದವರಿಂದ ಅವರು ಬಯಸಿದ್ದು ಸಾಧನೆಯೊಂದನ್ನೇ.

ಆದರೂ ಒಮ್ಮೆ ಅವರೇ ಒಂದು ಬಾಗಿಲನ್ನು ಮುಚ್ಚಿದ್ದರು. ಅವರ ಮಗಳು ಜಹನಾರಾ ಸಂಗೀತವನ್ನು ಕಲಿತಿದ್ದಳು. ಮದುವೆಯಾಗಿ ಹೋದ ಮನೆಯಲ್ಲಿ ಅವಳ ಸಂಗೀತವನ್ನು ಸಹಿಸಲಿಲ್ಲ. ಅವಳು ಬಹಳ ನೊಂದು ಅಕಾಲದಲ್ಲಿ ತೀರಿಕೊಂಡಳು. ಈ ದುಃಖದಿಂದ ಬೆಂದ ತಂದೆ ಕಿರಿಯ ಮಗಳಾದ ಅನ್ನಪೂರ್ಣೆಗೆ ಸಂಗೀತವನ್ನು ಕಲಿಸಬಾರದೆಂದು ನಿಶ್ಚಯಿಸಿದರು. ಅಣ್ಣ ಅಲಿ ಅಕ್ಬರನಿಗೆ ಪಾಠ ನಡೆಯುವಾಗ ಆ ಬಾಲಕಿ ದೂರದಿಂದಲೇ ಕೇಳುತ್ತಿದ್ದಳು. ಒಂದು ದಿನ ಬಾಬಾ ಹೊರಗೆ ಹೋಗಿದ್ದಾಗ, ತಪ್ಪು ನುಡಿಸುತ್ತಿದ್ದ ಅಣ್ಣನಿಗೆ ಅವಳು ಸರಿಯಾದ ಸ್ವರಗಳನ್ನು ಹಾಡಿ ತೋರಿಸುತ್ತಿದ್ದಳು. ಹಿಂತಿರುಗಿ ಬಂದ ತಂದೆ ಬಾಗಿಲಲ್ಲಿ ನಿಂತು ಅದನ್ನು ಕೇಳಿದರು. ಯಾರೂ ಕಲಿಸದೆ ಕೇವಲ ಕೇಳಿ ಕಲಿತ ಮಗುವನ್ನು ಕಂಡಾಗ ಅವರಿಗೆ ತಮ್ಮ ನಿಶ್ಚಯವು ತಪ್ಪೆಂದು ತೋರಿತು. ಅಂದೇ ಅವರು ಅವಳಿಗೆ ಪಾಠವನ್ನು ಆರಂಭಿಸಿದರು. ಮುಂದೆ ಆಕೆ ಸುರ್‌ಬಹಾರ್ ವಾದ್ಯದಲ್ಲಿ ಅಸಾಧಾರಣ ವಿದ್ವಾಂಸೆಯಾಗಿ, ಅನೇಕ ಕಲಾವಿದರಿಗೆ ಗುರುವಾದರು.

1935ರಲ್ಲಿ ಅಲ್ಲಾವುದ್ದೀನರು ಪ್ರಸಿದ್ಧ ನರ್ತಕ ಉದಯಶಂಕರರ ತಂಡದೊಡನೆ ಯುರೋಪಿನ ಪ್ರವಾಸ ಕೈಗೊಂಡರು. ಆ ತಂಡದಲ್ಲಿ ಉದಯಶಂಕರರ ತಮ್ಮನಾದ ರವಿಶಂಕರನಿದ್ದನು. ವಿದೇಶದ ವೈಭವಕ್ಕೆ ಮರುಳಾಗಿದ್ದ ಆ ಹುಡುಗನು ಬಾಬಾರವರ ಪ್ರಭಾವಕ್ಕೆ ಒಳಗಾದನು. ಎಲ್ಲವನ್ನೂ ತೊರೆದು 1938ರಲ್ಲಿ ಮೈಹರಿಗೆ ಬಂದು, ವರ್ಷಗಳ ಕಾಲ ಗುರುಕುಲವಾಸ ಮಾಡಿ ಸಿತಾರನ್ನು ಕಲಿತನು. ಕೊಳಲಿನ ಪನ್ನಾಲಾಲ್ ಘೋಷ್, ಸಿತಾರಿನ ನಿಖಿಲ್ ಬ್ಯಾನರ್ಜಿ, ಸರೋದಿನ ತಿಮಿರ್ ಬರನ್ ಮೊದಲಾದವರೂ ಆ ಮನೆಯಲ್ಲಿಯೇ ಪಳಗಿದವರು. ಇವರ ಮೂಲಕ ಮೈಹರಿನ ಹೆಸರು ಜಗತ್ತಿನ ಮೂಲೆಮೂಲೆಗೂ ಮುಟ್ಟಿತು.

ಅಲ್ಲಾವುದ್ದೀನರ ಜೀವನ ಸರಳವಾದುದು. ಅವರು ತಮ್ಮ ಮತದ ಆಚರಣೆಗಳನ್ನು ನಿಷ್ಠೆಯಿಂದ ನಡೆಸುತ್ತಿದ್ದರು. ಬೆಟ್ಟದ ಮೇಲಿನ ಶಾರದೆಗೂ ಭಕ್ತಿಯಿಂದ ತಲೆಬಾಗುತ್ತಿದ್ದರು. ಅವರ ಪಾಲಿಗೆ ನಾದೋಪಾಸನೆಯೇ ಈ ಎರಡನ್ನೂ ಕೂಡಿಸುವ ಸೇತುವೆಯಾಗಿತ್ತು. ತಮ್ಮ ಪತ್ನಿಗಾಗಿ ಮದನಮಂಜರಿ ಎಂಬ ರಾಗವನ್ನು ಅವರು ರಚಿಸಿದರು. ಭಾರತ ಸರ್ಕಾರವು ಅವರಿಗೆ 1958ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 1972ರ ಸೆಪ್ಟೆಂಬರ್ 6ರಂದು ಅವರು ಮೈಹರಿನಲ್ಲಿಯೇ ಇಹಲೋಕವನ್ನು ತ್ಯಜಿಸಿದರು.

ಬಾಬಾ ಹಚ್ಚಿದ ದೀಪದ ಬೆಳಕು ಕನ್ನಡನಾಡಿಗೂ ಹರಿಯಿತು. ನಮ್ಮ ನಾಡಿನ ಹಿರಿಯ ಸರೋದ್ ವಾದಕರಾಗಿದ್ದ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು. 2024ರಲ್ಲಿ ಮೈಸೂರಿನಲ್ಲಿ ನಿಧನರಾದ ಅವರು ಅದೇ ಪರಂಪರೆಯನ್ನು ತಮ್ಮ ಶಿಷ್ಯರಿಗೆ ಒಪ್ಪಿಸಿ ಹೋದರು. ಅತ್ತ ಮೈಹರಿನಲ್ಲಿ, ಸಂಸ್ಥಾನವು ಅಳಿದ ಮೇಲೆಯೂ, ಬಾಬಾ ಕಟ್ಟಿದ ವಾದ್ಯವೃಂದವು ಸರ್ಕಾರದ ಆಶ್ರಯದಲ್ಲಿ ಮುಂದುವರಿಯಿತು. ಮೊದಲು ನುಡಿಸಿದ ಅನಾಥ ಮಕ್ಕಳು ಬೆಳೆದು, ಸಂಸಾರವಂತರಾಗಿ, ಮುಪ್ಪಾಗಿ ಕಣ್ಮರೆಯಾದರು. ಅವರ ಹೆಸರುಗಳು ರವಿಶಂಕರ, ಅಲಿ ಅಕ್ಬರರ ಹೆಸರುಗಳಂತೆ ಲೋಕಪ್ರಸಿದ್ಧವಾಗಲಿಲ್ಲ. ಆದರೆ ಬೀದಿಯಲ್ಲಿ ಅಳಿದುಹೋಗಬಹುದಾಗಿದ್ದ ಆ ಬಾಳುಗಳು ವಿದ್ಯೆಯನ್ನು ಪಡೆದವು, ಅನ್ನವನ್ನು ಪಡೆದವು, ಸಮಾಜದಲ್ಲಿ ಗೌರವವನ್ನು ಪಡೆದವು. ಲೋಕವಿಖ್ಯಾತರಾದ ಶಿಷ್ಯರಿಂದ ಬಾಬಾರವರಿಗೆ ಕೀರ್ತಿ ಬಂದಿತು. ಹೆಸರಿಲ್ಲದ ಈ ಶಿಷ್ಯರಿಂದ ಅವರ ವಿದ್ಯೆಯು ಸಾರ್ಥಕವಾಯಿತು.