ಹೊಗೆಗೂ ಬೆಲೆ ಕಟ್ಟಿದ ಪಿಗೂ

ಕಾರ್ಖಾನೆಯ ಹೊಗೆಗೆ ಊರವರ ಬಟ್ಟೆ ಮಸಿಯಾದರೆ ಒಗೆಯುವ ಖರ್ಚು ಯಾರದು? ಈ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಸ್ಥಾನ ಕಲ್ಪಿಸಿದವರು ಇಂಗ್ಲೆಂಡಿನ ಆರ್ಥರ್ ಸೆಸಿಲ್ ಪಿಗೂ.

1877ರ ನವೆಂಬರ್ 18ರಂದು ವೈಟ್ ದ್ವೀಪದ ರೈಡ್ ಪಟ್ಟಣದಲ್ಲಿ ಜನಿಸಿದ ಪಿಗೂ, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1908ರಲ್ಲಿ, 30ರ ಹರೆಯದಲ್ಲೇ, ಗುರು ಆಲ್ಫ್ರೆಡ್ ಮಾರ್ಷಲ್ ಅವರಿಂದ ತೆರವಾದ ಪ್ರಾಧ್ಯಾಪಕ ಪೀಠವನ್ನೇರಿದರು. ಮೊದಲ ಮಹಾಯುದ್ಧದ ವೇಳೆ ರಜಾ ದಿನಗಳಲ್ಲಿ ಆಂಬುಲೆನ್ಸ್ ಸೇವೆಗೆ ತೆರಳಿದರು. ಆ ಬಳಿಕ ಏಕಾಂತಪ್ರಿಯರಾದರು.

1920ರಲ್ಲಿ ಅವರ ‘ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್’ ಪ್ರಕಟವಾಯಿತು. ಉತ್ಪಾದಕನ ಲೆಕ್ಕಕ್ಕೆ ಬರುವ ಲಾಭಕ್ಕೂ ಸಮಾಜಕ್ಕೆ ದಕ್ಕುವ ಲಾಭಕ್ಕೂ ಅಂತರವಿದೆ ಎಂಬುದು ಅದರ ತಿರುಳು. ಅನ್ಯರ ಮೇಲೆ ನಷ್ಟ ಹೊರಿಸುವ ಉದ್ಯಮಕ್ಕೆ ತೆರಿಗೆ, ಒಳಿತು ಮಾಡುವ ಉದ್ಯಮಕ್ಕೆ ಸಹಾಯಧನ ಎಂಬ ಸೂತ್ರವನ್ನು ಅವರು ಪ್ರತಿಪಾದಿಸಿದರು. ನಷ್ಟದ ಹೊರೆ ತನ್ನ ಮೇಲೆಯೇ ಬಿದ್ದಾಗ ಮಾತ್ರ ಮಾಲೀಕ ಹೊಗೆ ತಗ್ಗಿಸುವ ದಾರಿ ಹುಡುಕುತ್ತಾನೆ.

1936ರಲ್ಲಿ ಜಾನ್ ಮೇನಾರ್ಡ್ ಕೇನ್ಸ್, ಪಿಗೂ ಅವರ ನಿರುದ್ಯೋಗ ಸಿದ್ಧಾಂತವನ್ನು ಕಟುವಾಗಿ ಟೀಕಿಸಿದ ಬಳಿಕ ಅವರ ಖ್ಯಾತಿ ಮಸುಕಾಯಿತು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಮಂದಿ ಬಲಿಯಾದರು. 1956ರಲ್ಲಿ ಬ್ರಿಟನ್ ಶುದ್ಧಗಾಳಿ ಕಾಯ್ದೆ ತಂದಿತು. ಆದರೆ ಹಿಡಿದದ್ದು ನಿರ್ಬಂಧದ ದಾರಿ, ಪಿಗೂ ಹೇಳಿದ ತೆರಿಗೆಯದಲ್ಲ.

1959ರ ಮಾರ್ಚ್ 7ರಂದು ಪಿಗೂ ನಿಧನರಾದರು. ಮೂರು ದಶಕಗಳ ನಂತರ, 1990ರಲ್ಲಿ ಫಿನ್ಲೆಂಡ್, ಮರುವರ್ಷ ಸ್ವೀಡನ್ ಇಂಗಾಲ ತೆರಿಗೆ ಜಾರಿಗೊಳಿಸಿದವು. ಇಂಥವನ್ನು ಅರ್ಥಶಾಸ್ತ್ರಜ್ಞರು ಇಂದಿಗೂ ಪಿಗೂ ತೆರಿಗೆ ಎಂದೇ ಕರೆಯುತ್ತಾರೆ.