ವಿಕ್ರಮ ಸಾರಾಭಾಯಿ

ಧನಿಕರ ಮನೆಯಲ್ಲಿ ಹುಟ್ಟಿ ಬಡವರ ಹಳ್ಳಿಯ ಚಿಂತೆಯನ್ನು ಹೊತ್ತ ಮಹನೀಯರು ನಮ್ಮ ದೇಶದಲ್ಲಿ ಹಲವರುಂಟು. ಆ ಚಿಂತೆಗೆ ಪರಿಹಾರವನ್ನು ಆಕಾಶದಲ್ಲಿ ಹುಡುಕಿದವರು ವಿಕ್ರಮ ಸಾರಾಭಾಯಿಯವರು. ರಾಕೆಟ್ಟಿನೊಡನೆ ಅವರ ಹೆಸರನ್ನು ಸೇರಿಸಿ ಹೇಳುವುದು ವಾಡಿಕೆ. ನನಗೆ ಹಿರಿದಾಗಿ ಕಾಣುವುದು ಬೇರೊಂದು: ದಾರಿಯೂ ತಂತಿಯೂ ಇಲ್ಲದ ಎಡೆಗೆ ಸುದ್ದಿಯನ್ನು ಅಲ್ಪ ವೆಚ್ಚದಲ್ಲಿ ಮುಟ್ಟಿಸುವುದು ಹೇಗೆಂದು ಅವರು ಹಾಕಿದ ಲೆಕ್ಕ.

1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ, ಗಿರಣಿಗಳ ಒಡೆಯರಾದ ಅಂಬಾಲಾಲ್ ಸಾರಾಭಾಯಿಯವರ ಮಗನಾಗಿ ಅವರು ಜನಿಸಿದರು. ಕೇಂಬ್ರಿಜ್ಜಿನಲ್ಲಿ ಓದುತ್ತಿರುವಾಗ ಎರಡನೆಯ ಮಹಾಯುದ್ಧ ಮೊದಲಾಗಲು ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. 1943ರಲ್ಲಿ ಆ ಅಳತೆಗಾಗಿಯೇ ಕಾಶ್ಮೀರದ ಬೆಟ್ಟಗಳನ್ನೇರಿದರು. ಅಂಥ ಎಡೆಯಲ್ಲಿ ಅಳತೆ ನಡೆಯಬೇಕಾದರೆ ಆಗ ಮನುಷ್ಯನೇ ಹೋಗಿ ಉಪಕರಣದ ಮುಂದೆ ಕುಳಿತಿರಬೇಕಾಗಿದ್ದಿತು.

1947ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾಲಯ ಪ್ರಾರಂಭವಾಯಿತು. ಸರಿಸುಮಾರು ಅದೇ ಕಾಲಕ್ಕೆ ಗಿರಣಿಗಳಿಗಾಗಿ ಅಟಿರಾ ಎಂಬ ಸಂಶೋಧನಾ ಸಂಘವನ್ನೂ ಕಟ್ಟಲು ಅವರು ಮುಂದಾದರು. ವಯಸ್ಸು ಇಪ್ಪತ್ತೆಂಟು. ಅನುಭವಿಗಳ ಕಣ್ಣಂದಾಜಿನಿಂದ ನಡೆಯುತ್ತಿದ್ದ ಗಿರಣಿಗಳಿಗೆ ಅಳತೆಯ ಶಿಸ್ತನ್ನು ಕಲಿಸುವುದು ಅದರ ಗುರಿ. ಅವರ ಜೀವನವನ್ನು ಬರೆಯುವವರು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುವುದನ್ನು ಕಂಡಿದ್ದೇನೆ, ಅದು ಸರಿಯಲ್ಲ. ನೂಲಿನ ಗುಣವನ್ನು ಅಳೆದವರೇ ಮುಂದೆ ನಾಡಿನ ಉದ್ದಗಲವನ್ನು ಅಳೆಯಹೊರಟದ್ದು.

ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿ 1962ರಲ್ಲಿ ರಚಿತವಾಯಿತು. ಅವರೇ ಅದರ ಅಧ್ಯಕ್ಷರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಮೀನುಗಾರರ ಇಗರ್ಜಿಯೇ ಅಲ್ಲಿನ ಕಾರ್ಯಾಗಾರವಾಯಿತೆಂಬುದನ್ನು ಎಲ್ಲರೂ ಸೊಗಸಾದ ಕಥೆಯಂತೆ ಹೇಳುವರು. ಆ ಕುಟುಂಬಗಳು ತಲೆಮಾರುಗಳಿಂದ ಬಾಳಿದ ಕಡಲತಡಿಯನ್ನು ಬಿಟ್ಟು ಏಳಬೇಕಾಯಿತೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು. ದೂರದ ಬಡವರಿಗಾಗಿ ಹೊರಟ ಕಾರ್ಯಕ್ಕೆ ಮೊದಲ ಬೆಲೆ ತೆತ್ತವರು ಹತ್ತಿರದ ಬಡವರು.

ಹೊಟ್ಟೆಗೇ ಸಾಲದ ದೇಶಕ್ಕೆ ಈ ವೈಭವವೇಕೆಂಬ ಪ್ರಶ್ನೆ ಆಗ ಎದ್ದಿತು, ನ್ಯಾಯವಾದ ಪ್ರಶ್ನೆಯೇ. ಸಾರಾಭಾಯಿಯವರ ಉತ್ತರ ಲೆಕ್ಕದ ರೂಪದಲ್ಲಿತ್ತು. ನೆಲದ ಮೇಲೆ ಗೋಪುರಗಳನ್ನು ನೆಡುತ್ತ ಹೋದರೆ ದೂರ ಹೆಚ್ಚಿದಷ್ಟೂ ಖರ್ಚು ಹೆಚ್ಚುವುದು. ನಗರಕ್ಕೆ ಮೊದಲು, ಕೊನೆಯ ಹಳ್ಳಿಗೆ ಕೊನೆಗೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುವ ಉಪಗ್ರಹಕ್ಕೆ ದೆಹಲಿಯೂ ಒಂದೇ, ರಾಯಚೂರಿನ ಮೂಲೆಯೂ ಒಂದೇ. 1967ರಲ್ಲಿ ಅಹಮದಾಬಾದಿನಲ್ಲಿ ಪ್ರಾಯೋಗಿಕ ಭೂಕೇಂದ್ರವೊಂದು ಎದ್ದಿತು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಉಪಗ್ರಹವೊಂದನ್ನು ಎರವಲು ಪಡೆಯುವ ಒಪ್ಪಂದವಾಯಿತು. ಕೊಂಡುಕೊಳ್ಳುವ ಮೊದಲು ಎರವಲು ತಂದು ಪರೀಕ್ಷಿಸುವ ಈ ಜಾಣತನ ವ್ಯಾಪಾರಿ ಮನೆತನದ್ದೆಂದು ನನಗೆ ತೋರುತ್ತದೆ!

ಫಲವನ್ನು ನೋಡಲು ಅವರು ಉಳಿಯಲಿಲ್ಲ. 1966ರಿಂದ ಪರಮಾಣು ಶಕ್ತಿ ಆಯೋಗದ ಭಾರವೂ ಅವರ ಹೆಗಲಿಗೇರಿದ್ದಿತು. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

1975ರ ಆಗಸ್ಟಿನಿಂದ ಒಂದು ವರ್ಷ ಆ ಎರವಲು ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಂದಿತು. ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಹತ್ತಡಿ ಅಗಲದ ಆಂಟೆನಾವನ್ನು ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ್ದರು. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯಿಂದಲೇ ಪೆಟ್ಟಿಗೆ ನಡೆಯಿತು. ವರ್ಷ ತುಂಬಿದೊಡನೆ ಉಪಗ್ರಹ ಹಿಂದಿರುಗಿತು, ಪರದೆಗಳು ಕತ್ತಲಾದವು. ನೋಡಿದವರಿಗೆ ಅದೆಷ್ಟು ವ್ಯಥೆಯಾಗಿರಬೇಕು!

ನಮ್ಮದೇ ಆದ ಇನ್ಸಾಟ್-1ಬಿ 1983ರಲ್ಲಿ ಕಕ್ಷೆ ಸೇರಿತು. ದೂರದರ್ಶನ, ದೂರವಾಣಿಗಳ ಜೊತೆಗೆ ಅದರಲ್ಲಿ ಯಾರೂ ಅಷ್ಟಾಗಿ ಗಮನಿಸದ ಮತ್ತೊಂದು ಸಾಧನವಿದ್ದಿತು. ಕಾವಲುಗಾರನಿಲ್ಲದ ಬೆಟ್ಟದಲ್ಲಿ, ಕಡಲಲ್ಲಿ ನಿಲ್ಲಿಸಿದ ಉಪಕರಣಗಳು ಕಳುಹಿಸುವ ಅಂಕಿಗಳನ್ನು ಹಿಡಿದು ಕೆಳಗಿನ ಕೇಂದ್ರಕ್ಕೆ ಮುಟ್ಟಿಸುವುದು ಅದರ ಕೆಲಸ. ಕಳುಹಿಸಬೇಕಾದದ್ದು ಕೆಲವೇ ಅಂಕಿಗಳಾದುದರಿಂದ ಸಣ್ಣ ಆಂಟೆನಾ, ಅಲ್ಪ ವಿದ್ಯುತ್ತು ಸಾಕು. ಖರ್ಚು ಇಳಿಯುವ ಗುಟ್ಟು ಅದೇ. ಮಳೆ, ಗಾಳಿಗಳ ಅಳತೆ, ಪ್ರವಾಹಕಾಲದಲ್ಲಿ ನದಿಗಳ ನೀರಿನ ಮಟ್ಟ ಇಂದಿಗೂ ಇನ್ಸಾಟ್ ಮಾಲೆಯ ಉಪಗ್ರಹಗಳ ಮೂಲಕ ಹೀಗೆಯೇ ಬರುತ್ತಿವೆ. ಕಾಶ್ಮೀರದ ಬೆಟ್ಟಕ್ಕೆ ಈಗ ಯಾರೂ ಹೋಗಿ ಕುಳಿತಿರಬೇಕಾಗಿಲ್ಲ.